ಅತ್ತೆ ಕರೆದದ್ದು ಕಿರಿಸೊಸೆಯನ್ನು

ಅರಸೀಕೆರೆಯ ನರ್ಸಿಂಗ್ ಹೋಮಿನಲ್ಲಿ ಡಾಕ್ಟರಿಗಾಗಿ ಕಾಯುತ್ತಿದ್ದ ರುಕ್ಮಿಣಮ್ಮನ ಪಕ್ಕದಲ್ಲೇ ಕಣಕಟ್ಟೆಯ ಇಬ್ಬರು ಓರಗಿತ್ತಿಯರು ಕೂತಿದ್ದರು. ಅವರ ಅತ್ತೆಗೆ ಅಂದು ಆಪರೇಷನ್. ಅದಕ್ಕೆ ಮೊದಲು ಒಬ್ಬರು ಮಾತ್ರ ಒಳಗೆ ಹೋಗಬಹುದಿತ್ತು. ಅತ್ತೆ ನರ್ಸಿನ ಕೈಲಿ ಹೇಳಿಕಳಿಸಿದ್ದು ಕಿರಿಸೊಸೆ ಶಿಲ್ಪಾ ಬರಲಿ ಎಂದು.

"ಹೋಗಮ್ಮ, ನಿನ್ನನ್ನೇ ಕರೀತಾವ್ರೆ," ಎಂದಳು ಹಿರಿಯವಳಾದ ಪುಷ್ಪಲತಾ, ಮುಖ ತಿರುಗಿಸಿಕೊಂಡು.

"ಬೇಜಾರು ಮಾಡ್ಕೋಬೇಡ ಅಕ್ಕ."

"ಮದುವೆಯಾಗಿ ಬಂದಾಗಿಂದ ಆ ಮನೆ ಮೂಲೆಮೂಲೆ ಗುಡಿಸಿದೀನಿ. ನೀನು ಪಾತ್ರೆ ಅರ್ಧಂಬರ್ಧ ಬೆಳಗ್ತೀಯ, ಬಟ್ಟೆ ನೆನೆಹಾಕಿ ಮರೀತೀಯ. ಆದ್ರೂ ಅವರ ಬಾಯಲ್ಲಿ ನಿನ್ನ ಹೆಸರೇ."

"ಎಲ್ಲಾನೂ ಚೆನ್ನಾಗಿ ಮಾಡೋ ಶಕ್ತಿ ನಂಗಿಲ್ಲ ಅಕ್ಕ. ಅದಕ್ಕೇ ಒಂದೇ ಒಂದು ಆರಿಸ್ಕೊಂಡೆ. ಸಂಜೆ ಅತ್ತೆ ಹತ್ರ ಕೂತು ಅವರ ಮಾತು ಪೂರ್ತಿ ಕೇಳ್ತೀನಿ."

"ಅದೂ ಒಂದು ಕೆಲ್ಸವಾ?"

"ಹೇಳಿದ್ದನ್ನೇ ಹೇಳ್ತಾರೆ. ದಿನಾ ಹೊಸದಾಗಿ ಕೇಳ್ದಂಗೆ ಕೇಳ್ಬೇಕು."

"ನಾನೂ ಕೇಳ್ತಿದ್ದೆ. ಆ ಹೊತ್ನಲ್ಲಿ ಮುದ್ದೆ ಕಟ್ಟೋರು ಯಾರು?"

ರುಕ್ಮಿಣಮ್ಮ ಆ ಕಡೆ ನೋಡದೆ ಕಿವಿ ಮಾತ್ರ ಕೊಟ್ಟು ಕೂತಳು.

"ಇವತ್ತು ನೀನೇ ಹೋಗಕ್ಕ," ಎಂದಳು ಶಿಲ್ಪಾ ಕೊನೆಗೆ. "ನಾನು ಬಸ್ ಹತ್ತಿ ಮನೆಗೆ ಹೋಗಿ ಅಡುಗೆ ನೋಡ್ಕೋತೀನಿ."

ಪುಷ್ಪಲತಾ ಎದ್ದು ಸೆರಗು ಸರಿಮಾಡಿಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ತೀರಾ ರುಚಿಯಾಗಿ ಮಾಡ್ಬೇಡ ಕಣೇ. ಅದೊಂದಾದ್ರೂ ನನ್ನ ಹೆಸರಲ್ಲಿರ್ಲಿ."

ಶಿಲ್ಪಾ ತಲೆಯಾಡಿಸಿ ಬಸ್ ನಿಲ್ದಾಣದ ಕಡೆ ಹೊರಟಳು.