ಪಾಸ್ಕಲ್ ಪೊರ್ಬುಗಳ ನಾಲಗೆ

ಹಂಪನಕಟ್ಟೆಯಲ್ಲಿ ಬಸ್ಸಿಗೆ ನಿಂತವರ ಸಾಲಿನ ತುದಿ ಅಂದು ಬಸ್ಸಿಲ್ಲದೆಯೇ ಮೈಲುಗಟ್ಟಲೆ ದೂರದ ವಾಮಂಜೂರು ಮುಟ್ಟಿತ್ತು. ಅದೇ ಸಾಲಿನಲ್ಲಿದ್ದ, ವೈನಿನ ವಾಸನೆಯನ್ನೂ ಕಾಣದ ಮಮ್ಮು ಬ್ಯಾರಿಯ ಕಿವಿ ಮುಂದೆ ನಿಂತ ಇಬ್ಬರ ಮೇಲಿತ್ತು. ಒಬ್ಬರು ಪಾಸ್ಕಲ್ ಪೊರ್ಬುಗಳು. ಅವರು ರುಚಿ ನೋಡಿ ತಲೆಯಾಡಿಸದೆ ಊರಿನ ಯಾವ ಕ್ರಿಶ್ಚಿಯನ್ ಮದುವೆಯಲ್ಲೂ ವೈನ್ ಹಂಚುತ್ತಿರಲಿಲ್ಲ. ಇನ್ನೊಬ್ಬರು ಅವರ ಭಾವ ಲಾದ್ರು.

"ಸೊಸೆ ಮೊದಲ ಸಲ ಮಾಡಿದ ವೈನ್ ಹೇಗಾಯ್ತು ಭಾವ?" ಲಾದ್ರು ಕೇಳಿದರು.

"ನೀರು ಅಂತ ಹೇಳಿದೆ. ಇಡೀ ಭರಣಿ ತೆಂಗಿನ ಬುಡಕ್ಕೆ ಸುರಿದಳು. ಈಗ ಬಾಗಿಲು ಹಾಕಿ ಕೂತಿದ್ದಾಳೆ."

"ನಾನು ಕುಡಿದಿದ್ದೆ ಮಾರಾಯ್ರೆ. ಲಾಯ್ಕ್ ಇತ್ತು."

"ಇರಬಹುದು. ಇವತ್ತು ಉಪ್ಪಿನಕಾಯಿಯೂ ನೀರೇ. ಫ್ಲೂ ಜ್ವರ ಬಂದ ಮೇಲೆ ನಾಲಗೆಗೆ ಎಂತದೂ ಗೊತ್ತಾಗುವುದಿಲ್ಲ."

"ಅದನ್ನು ಅವಳಿಗೆ ಹೇಳಿ!"

"ಹೇಳಿದರೆ ಮತ್ತೆ ಯಾವ ಮದುವೆಗೆ ನನ್ನನ್ನು ಕರೀತಾರೆ?"

"ಆ ಹುಡುಗಿ?"

"ಮುಂದಿನ ವರ್ಷ ಪುನಃ ಮಾಡ್ತಾಳೆ."

"ರುಚಿ ನೋಡುವುದು ಯಾರು?"

"ನಾನೇ."

ಬಸ್ಸು ಬಂತು. ಪೊರ್ಬುಗಳು ಮೊದಲು ಹತ್ತಿದರು.