ಉಪವಾಸದಲ್ಲೂ ಉಬ್ಬಿದ ಕೆನ್ನೆ

ರಂಜಾನ್ ಶುರುವಾದ ವಾರ, ಬೆಳಗಿನ ಹೊತ್ತು. ಇಬ್ಬ್ ಊರಿನ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ನಮ್ಮ ಕೇರಿಯ ಮುಕ್ಬಿಲ್, ಅವನ ಹೆಂಡತಿ ತಕಿಯಾ ಕೂತಿದ್ದರು. ನಮ್ಮೂರ ಗಂಡಸರು ಮಧ್ಯಾಹ್ನದಿಂದ ಕೆನ್ನೆಯಲ್ಲಿಟ್ಟು ಜಗಿಯುವ ಅಮಲಿನ ಖಾತ್ ಎಲೆ ತುರುಕಿಕೊಂಡವನ ಹಾಗೆ ಅವನ ಎಡಗೆನ್ನೆ ಉಬ್ಬಿತ್ತು.

“ವರ್ಷದಿಂದ ಈ ಕೆನ್ನೆ ನೋಡ್ತಾ ಇದೀನಿ. ಎಲೆ ಅಂದ್ಕೊಂಡಿದ್ದೆ,” ಅಂದಳು ತಕಿಯಾ.

“ನಾನೂ ಹಾಗೇ ಅಂದ್ಕೊಂಡಿದ್ದೆ ಕಣೇ.”

“ನಿಮ್ಮ ಬಾಯೊಳಗಿರೋದು ನಿಮಗೇ ಗೊತ್ತಾಗ್ಲಿಲ್ವಾ?”

“ಮಧ್ಯಾಹ್ನ ಎಲೆ ತುಂಬಿದ್ರೆ ಮಲಗೋವರೆಗೂ ತುಂಬೇ ಇರ್ತಿತ್ತಲ್ಲ.”

“ನಿನ್ನೆ ಹಗಲಲ್ಲೂ ಉಬ್ಬಿತ್ತು. ಉಪವಾಸ ಮುರಿದು ಕದ್ದು ಮೇಯ್ತಿದೀರಿ ಅಂತ ಕೇರಿಗೆಲ್ಲ ಕೇಳೋ ಹಾಗೆ ಬೈದೆ. ಬಾಯಿ ತೆಗೆಸಿದ್ರೆ ಎಲೇನೇ ಇಲ್ಲ, ಗಂಟು!”

“ನೋವೇನಿಲ್ವಲ್ಲೇ.”

“ಮೇಕೆಗಾದ್ರೂ ಮೆಲುಕು ಹಾಕೋದು ಮುಗಿಯುತ್ತೆ. ನಿಮಗೆ ಅದೂ ಇಲ್ಲ.”

“ಡಾಕ್ಟರು ಕುಯ್ಯಬೇಕು ಅಂದ್ರೆ?”

“ಕುಯ್ಲಿ. ಮಕ್ಕಳಿಗೆ ಅಪ್ಪ ಉಳಿದ್ರೆ ಸಾಕು.”

ಮುಕ್ಬಿಲ್ ಇನ್ನೊಂದು ಕೆನ್ನೆ ಸವರಿಕೊಂಡ.

“ಎಲೆ ಇಡೋಕೆ ಬಲಗೆನ್ನೆ ಬಿಡ್ತಾರೆ, ಅಲ್ವಾ?”

ಅಷ್ಟರಲ್ಲಿ ಒಳಗಿನಿಂದ ಅವನ ಹೆಸರು ಕೂಗಿದರು. ತಕಿಯಾ ಅವನ ತೋಳು ಹಿಡಿದು ಎಬ್ಬಿಸಿ, ಮುಂದೆ ಬಿಟ್ಟುಕೊಂಡು ಒಳಗೆ ಹೋದಳು.