ಬೇವು ಟೊಳ್ಳೈತಿ ಅನ್ನು

ಅಲ್ಲಲ್ಲ, ಆ ಮಾವಿನ ಗಿಡ ಬಿಡು ರಾಜೇಸಾಬ, ಅದನ್ನ ಯಾರ ಬೇಕಾದ್ರೂ ನೋಡಿ ಹೇಳ್ತಾರ. ತೆಂಗು, ಪೇರಲ ಎಲ್ಲಾ ಛಲೋ ಅದಾವ ಅಂತ ಜಯಪಾಲಗ ಹೇಳು. ಮನಿ ಕೊಳ್ಳೂ ಮುಂದ ಗಿಡ ತೋರಸ್ತೀನಿ ಅಂದ, ನಿನ್ನ ಕಳಿಸಿದ, ಛಲೋನ ಆತು. ನಿಪ್ಪಾಣ್ಯಾಗ ನಲವತ್ತ ವರ್ಷ ಕಟಗಿ ಕೊಯ್ದಾವ ನೀ, ನಿನ್ನ ಮಾತ ಅಂವ ಮೀರೂದಿಲ್ಲ. ಈ ಬೇವಿನ ಗಿಡಾ ಒಂದಕ್ಕ... ಒಳಗ ಟೊಳ್ಳೈತಿ, ಮದಲ ಇದನ್ನ ಕಡಸು ಅಂತ ಹೇಳಿಬಿಡು ತಮ್ಮಾ. ಅಷ್ಟ ನಾ ಕೇಳೂದು.

ಯಾಕ ನಗ್ತಿ? ಮನಿ ಮಾರಾಕಿ ತನ್ನ ಗಿಡಾನ ತಾನ ಬೈತಾಳ ಅಂತ ನಗ್ತೀಯೇನ? ನಗು, ನಗು! ಎಮ್ಮಿ ಮಾರಾಂವ ಒದಿತೈತಿ ಅಂದಂಗಾತು ನನ್ನ ಬಾಳೆ. ನಾವ ಕಡಸಾಕ ಬರೂದಿಲ್ಲಪಾ. ಯುಗಾದಿಗೆ ಇದರ ಹೂವ ತಿಂದ ಬಾಯಿ ನಮ್ಮದು. ಮನ್ಯಾವರು ಇದಕ್ಕ ಕಬ್ಬಿಣ ಹಚ್ಚಬಾರದು.

ಹಾಂ, ಬಡದ ನೋಡು. ಕೊಡಲಿ ಬೆನ್ನಿಲೆ ಬಡಿ... ಅಯ್ಯ, ಅಲ್ಲಿ ಅಲ್ಲೋ! ಇತ್ತಾಗ ಬಡಿ. ಇನ್ನೊಮ್ಮೆ... ಕಿವಿ ಹಚ್ಚಿದೀ? ಏನಂತೈತಿ?

ಮ್ಯಾಲ ಏನ ನೋಡಾಕತ್ತಿ? ಆ ಗಾಯಾನ? ಅದು ಗಾಳಿಗೆ ಮುರದ ಟೊಂಗಿ. ಹ್ವಾದ ವರ್ಷ ಶ್ರಾವಣದಾಗ... ಬೆರಳಿಲೆ ದುಂಡಗ ಯಾಕ ಬರದ ತೋರಸ್ತೀ? ಹೌದಪಾ, ಹೌದು! ಗಾಳಿ ಮುರದದ್ದು ಸೀಳತೈತಿ, ಹಿಂಗ ರೊಟ್ಟಿಗತೆ ದುಂಡಗ ಇರೂದಿಲ್ಲ. ಕಟಗಿಯಾವಗ ನಾ ಏನ ಕಲಸ್ಲಿ! ಮುರದ ಜೋತಬಿದ್ದಿತ್ತು, ಕೊಯ್ಸಿ ಹಾಕಿದ್ನಿ. ಆತಿಲ್ಲ?

ಒಂದ ಮಾತ ಹೇಳ್ಲಿ? ಮಟಮಟ ಮಧ್ಯಾಹ್ನ, ಎಲಿ ಸೈತ ಅಳ್ಳಾಡೂದಿಲ್ಲ, ಆಗ ಕಿರ್ರ್... ಕಿರ್ರ್... ಯಾರೋ ಜೀಕಿದಂಗ. ಇಲ್ಲದ ಟೊಂಗಿ ಹೆಂಗ ಕಿರಗುಡತೈತಿ ರಾಜೇಸಾಬ? ಈಗ... ಈಗ ಕೇಳಿಸ್ತೇನ ನಿನಗ? ಇಲ್ಲಾ? ಬಿಡು.

ಸೊಸಿ ಶೈಲಾ? ಉಗಾರ ಬುದ್ರುಕಕ್ಕ, ತವರಿಗೆ ಹೋಗ್ಯಾಳ... ಹಂಗ ನೋಡಬ್ಯಾಡೋ ಯಪ್ಪಾ. ನಮ್ಮ ಸದಲಗಾಕ್ಕ ನೀ ಕಾಲಿಡೂದಕ್ಕ ಯಾರರ ಹೇಳೇ ಬಿಟ್ಟಾರ ಹಂಗಾರ. ಹೋಗಲಿಲ್ಲ. ಹೋಗೂದಿತ್ತು. ನಾಗರಪಂಚಮಿಗೆ ಕರಿಯಾಕ ಆಕಿ ಅಣ್ಣ ಸಂಜಯ ಬಂದಿದ್ದ. ಎಮ್ಮಿ ಈದೈತಿ, ಹಾಲ ಯಾರ ಹಿಂಡಬೇಕು ಅಂದ ತಿರುಗಿಸಿ ಕಳಿಸಿದ್ನಿ ನಾ. ಜೋಕಾಲಿ ಆಡೂ ಆಸೆಯೇನ, ಇಲ್ಲೇ ಕಟ್ಟಿಕೊಡ್ತೀನಿ ಬಾ ಅಂದ್ನಿ. "ತವರಿನ ಜೋಕಾಲಿ ತವರಾಗ ಬೇ ಅತ್ತಿ" ಅಂದ್ಲು. ಆದ್ರೂ ಹತ್ತಿದ್ಲು, ಪಾಪ. ಸಿಟ್ಟ ಮರತು ಜೀಕಿದ್ಲು. ಸೆರಗ ಎಲಿಗೆ ಮುಟ್ಟಿತು. "ಅತ್ತೀ, ಇಲ್ಲಿಂದ ನಮ್ಮೂರ ಕಾಣತೈತಿ!" ಅಂತ ಒದರಿದ್ಲು...

ಮುಂದ ಅರಿವಿ ಒಗಿಯೂ ಕಲ್ಲ ಇತ್ತು.

ಟೊಂಗಿ ಮುರೀತು ಅಂತ ಮಗ ಮಲ್ಲೇಶಗ ಹೇಳೀನಿ, ಅಂವ ನಂಬವಲ್ಲ. ಊರಿಗೆಲ್ಲಾ ಹೇಳೀನಿ. ಗಿಡಾನ ಟೊಳ್ಳಿತ್ತು, ಯಾರೇನ ಮಾಡ್ತಾರ ಅಂತ. ನೀ ಈಗ ಹೂಂ ಅಂದ್ರ ಮುಗೀತು. ಗಿಡಾನೂ ಹೋಗತೈತಿ, ಮಾತೂ ಹೋಗತೈತಿ. ಮಲ್ಲೇಶ ಮತ್ತ ನನ್ನ ಕೈಯಾಗಿನ ತುತ್ತ ತಿಂತಾನ.

ಏನರ ಅನ್ನೋ ತಮ್ಮಾ. ಕೊಡಲಿ ಯಾಕ ಕೆಳಗಿಟ್ಟಿ? ಟೊಳ್ಳ ಅನ್ನು. ಹುಳಾ ಹತ್ತಿತ್ತು ಅನ್ನು. ನಿನ್ನ ಕಾಲಿಗೆ ಬೀಳ್ತೀನಿ...

ಅನ್ನೂದಿಲ್ಲ ನೀ.

ಗಟ್ಟಿ ಐತಿ ಅಲ್ಲಾ? ಒಳಗಿನ ತನಕಾ ಗಟ್ಟಿ. ಹೂಂ. ನನಗೂ ಗೊತ್ತೈತಿ. ಅವತ್ತ ಆ ಟೊಂಗಿ ಚಟ್ ಅಂತ ಸದ್ದ ಸೈತ ಮಾಡಲಿಲ್ಲ. ಜೋಕಾಲಿ ಹಗ್ಗದ ಗಂಟ ಬಿಚ್ಚಿತು. ನಾ ಹಾಕಿದ ಗಂಟ. ಸಂಜಯ ಹೋಗೂ ಮುಂದ "ಅತ್ತಿ, ನಾ ಬಿಗಿದ ಕಟ್ಟಿ ಹೋಗ್ತೀನ್ರಿ" ಅಂದಿದ್ದ. ನಮ್ಮ ಮನಿ ಹಗ್ಗ ನಮಗ ಕಟ್ಟಾಕ ಬರೂದಿಲ್ಲೇನು ಅಂದಿದ್ನಿ.

ಆಕೀನ ಟೆಂಪೋದಾಗ ಹಾಕ್ಕೊಂಡು ಎಲ್ಲಾರೂ ಚಿಕ್ಕೋಡಿ ದವಾಖಾನಿಗೆ ಓಡಿದ್ರು. ದಾರಿ ತುಂಬ, ಉಸಿರ ಇರೂ ತನಕಾ, ಅತ್ತೀ, ಅತ್ತೀ ಅಂತ ನನ್ನ ಕರದ್ಲಂತ ರಾಜೇಸಾಬ. ನಾ ಹೋಗಿರಲಿಲ್ಲ. ನಾ ಇಲ್ಲಿ... ಮಲ್ಲೇಶ ಬರೂದ್ರಾಗ ಆ ಟೊಂಗಿ ಕೊಯ್ದ ಹಾಕಬೇಕಂತ... ಕರಗಸ ಹುಡುಕಾಕತ್ತಿದ್ನಿ.